ಹೋದ ಭಾನುವಾರ ಇದ್ದ ಹಕ್ಕಿಗಳು ಈ ಭಾನುವಾರ ಎಲ್ಲಿ ಹೋದವು?

ಕುಂಬಳೆ ಜಾತ್ರೆಯ ಬೆಡಿ ಮುಗಿದು ಎರಡು ವಾರ ಆಗಿತ್ತು. ಬೆಳಿಗ್ಗೆ ಏಳು ಗಂಟೆಗೆ ಆರಿಕ್ಕಾಡಿ ಹತ್ತಿರದ ಹೊಳೆದಂಡೆಗೆ ಹೋಗಿದ್ದೆ. ಶಿರಿಯ ಹೊಳೆ, ಕುಂಬಳೆ ಹೊಳೆ ಎರಡೂ ಸಮುದ್ರ ಸೇರುವ ಮೊದಲು ಆ ಕಡೆ ಅಗಲಕ್ಕೆ ಹರಡಿಕೊಳ್ಳುತ್ತವೆ. ನೀರು ಇಳಿದು ಕೆಸರು ತೆರೆದುಕೊಂಡಿತ್ತು. ಕಣ್ಣು ಹಾಯಿಸಿದಲ್ಲೆಲ್ಲ ಹಕ್ಕಿ. ಕೆಲವು ಓಡುತ್ತಿದ್ದವು, ಕೆಲವು ತಲೆ ಬಗ್ಗಿಸಿ ಕೆಸರು ಚುಚ್ಚುತ್ತಿದ್ದವು, ಕೆಲವು ಇನ್ನೊಂದರ ಬಾಯಿಂದ ಹುಳು ಕಸಿಯಲು ಬೆನ್ನಟ್ಟುತ್ತಿದ್ದವು. ಇದನ್ನು ಮಕ್ಕಳು ನೋಡಲೇಬೇಕು ಅನಿಸಿತು. ಮರುವಾರ ನೆರೆಮನೆಯ ನಾಲ್ಕು ಮಕ್ಕಳನ್ನು ಕರೆದುಕೊಂಡು ಅದೇ ಜಾಗಕ್ಕೆ, ಅದೇ ಏಳು ಗಂಟೆಗೆ ಹೋದೆ.

ಕೆಸರೇ ಇರಲಿಲ್ಲ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ಸೊಂಟದವರೆಗೆ ನೀರು ನಿಂತಿತ್ತು. ಒಂದು ನೀರುಕಾಗೆ, ಎರಡು ಬೆಳ್ಳಕ್ಕಿ, ಅಷ್ಟೇ. ಮಕ್ಕಳು ನನ್ನ ಮುಖ ನೋಡಿದರು. ದೋಣಿಯ ಹತ್ತಿರ ಬುಟ್ಟಿ ತೊಳೆಯುತ್ತಿದ್ದ ಒಬ್ಬ ಅಮ್ಮ ನಮ್ಮನ್ನು ನೋಡಿ ಹೇಳಿದರು, "ನಾವು ಮರುವಾಯಿ ಚಿಪ್ಪು ಹೆಕ್ಕಲಿಕ್ಕೆ ಇಳಿಯುವುದು ತಿಥಿ ನೋಡಿ. ಇವತ್ತು ಹನ್ನೆರಡರ ಮೇಲೆ ಬಂದ್ರೆ ಸ್ವಲ್ಪ ಕೆಸರು ಕಾಣ್ತದೆ."

ಚಳಿಗಾಲದ ಕೊನೆಯಲ್ಲಿ, ಅಂದರೆ ಮಕರ ಕಳೆದು ಕುಂಭ ಹಿಡಿಯುವ ಹೊತ್ತಿಗೆ, ನಮ್ಮ ಕಾಸರಗೋಡಿನಲ್ಲಿ ಹೊಳೆ ಕಡಲು ಸೇರುವ ಅಳಿವೆಗಳಲ್ಲಿ ಹಕ್ಕಿ ನೋಡಬೇಕು ಅಂದುಕೊಂಡವರಿಗೆ ಆ ಅಮ್ಮ ಹೇಳಿದ್ದೇ ಮೊದಲ ಪಾಠ. ಹಕ್ಕಿಯ ಪುಸ್ತಕ ಆಮೇಲೆ ತೆರೆಯೋಣ. ಮೊದಲು ನೀರಿನ ಗಡಿಯಾರ ತಿಳಿಯಬೇಕು.

ಸಮುದ್ರದಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ ಅಂತ ಶಾಲೆಯಲ್ಲಿ ಓದಿದ್ದೇವೆ. ಆದರೆ ಈ ದಿನ ನಮ್ಮ 24 ಗಂಟೆಯ ದಿನ ಅಲ್ಲ. ಅದು ಚಂದ್ರನ ದಿನ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರನೂ ತನ್ನ ದಾರಿಯಲ್ಲಿ ಸ್ವಲ್ಪ ಮುಂದೆ ಹೋಗಿರುತ್ತಾನೆ. ಅವನ ಎದುರಿಗೆ ಮತ್ತೆ ಬಂದು ನಿಲ್ಲಲು ಭೂಮಿಗೆ ಇನ್ನೂ ಸುಮಾರು 50 ನಿಮಿಷ ಬೇಕು. ಹಾಗಾಗಿ ಇವತ್ತು 7 ಗಂಟೆಗೆ ನೀರು ಪೂರ್ತಿ ಇಳಿದಿದ್ದರೆ ನಾಳೆ ಇಳಿಯುವುದು 7.50ರ ಸುಮಾರಿಗೆ. ದಿನಕ್ಕೆ 50 ನಿಮಿಷದ ಹಾಗೆ ಏಳು ದಿನ ಕೂಡಿಸಿ ನೋಡಿ. ಹತ್ತಿರ ಹತ್ತಿರ ಆರು ಗಂಟೆ ಆಯಿತು. ಇಳಿತಕ್ಕೂ ಭರತಕ್ಕೂ ನಡುವಿನ ಅಂತರವೂ ಸುಮಾರು ಆರು ಗಂಟೆಯೇ. ಅಂದರೆ ಒಂದು ಭಾನುವಾರ ಏಳು ಗಂಟೆಗೆ ಕೆಸರು ತೆರೆದಿದ್ದರೆ, ಮುಂದಿನ ಭಾನುವಾರ ಅದೇ ಏಳಕ್ಕೆ ನೀರು ತುಂಬಿರುತ್ತದೆ. ಅದರ ಮುಂದಿನ ಭಾನುವಾರ ಮತ್ತೆ ಕೆಸರು. ವಾರಕ್ಕೊಮ್ಮೆ ರಜೆ ಇರುವ ನಮ್ಮಂಥವರಿಗೆ ಇದು ತುಂಬ ಉಪಯೋಗದ ಲೆಕ್ಕ. ಒಂದು ವಾರ ಸಿಕ್ಕಿದ ಹೊತ್ತು ಇನ್ನೊಂದು ವಾರ ಬಿಟ್ಟು ಮತ್ತೆ ಸಿಗುತ್ತದೆ.

ತಿಥಿಯ ಮಾತು ಯಾಕೆ ಬಂತು? ತಿಥಿ ಅಂದರೆ ಚಂದ್ರ ಸೂರ್ಯನಿಂದ ಎಷ್ಟು ದೂರ ಸರಿದಿದ್ದಾನೆ ಅನ್ನುವ ಲೆಕ್ಕ. ಭರತ-ಇಳಿತವೂ ಅವರಿಬ್ಬರ ಸೆಳೆತದಿಂದಲೇ ಆಗುವುದು. ಆದ್ದರಿಂದ ಒಂದೇ ತಿಥಿಯಲ್ಲಿ ಇಳಿತದ ಹೊತ್ತು ಹೆಚ್ಚು ಕಡಿಮೆ ಒಂದೇ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಇಬ್ಬರೂ ಒಂದೇ ಗೆರೆಯಲ್ಲಿ ನಿಂತು ಎಳೆಯುತ್ತಾರೆ. ಆಗ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಷ್ಟಮಿಯ ಹತ್ತಿರ ಒಬ್ಬರು ಒಂದು ಕಡೆ, ಇನ್ನೊಬ್ಬರು ಅಡ್ಡಕ್ಕೆ ಎಳೆಯುವುದರಿಂದ ಏರಿಳಿತ ಕಡಿಮೆ. ನಮ್ಮ ಕರಾವಳಿಯಲ್ಲಿ ದೊಡ್ಡ ಭರತಕ್ಕೂ ಇಳಿತಕ್ಕೂ ಇರುವ ವ್ಯತ್ಯಾಸ ಒಂದು, ಒಂದೂವರೆ ಮೀಟರ್ ಅಷ್ಟೇ. ಆದರೆ ಅಳಿವೆಯ ನೆಲ ತಟ್ಟೆಯ ಹಾಗೆ ಚಪ್ಪಟೆ. ನೀರು ಒಂದು ಗೇಣು ಜಾಸ್ತಿ ಇಳಿದರೂ ಎಕರೆಗಟ್ಟಲೆ ಕೆಸರು ಹೊರಗೆ ಬರುತ್ತದೆ.

ಮಂಗಳೂರು ಬಂದರಿನ ಭರತ-ಇಳಿತದ ವೇಳಾಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ. ಒಂದು ಎಚ್ಚರ ಬೇಕು. ಆ ಪಟ್ಟಿ ಸಮುದ್ರದ್ದು. ಹೊಳೆಯ ಒಳಗೆ ಹೋದಷ್ಟೂ ಇಳಿತ ತಡವಾಗಿ ಬರುತ್ತದೆ. ನಿಮ್ಮ ಜಾಗದಲ್ಲಿ ಎಷ್ಟು ತಡ ಅನ್ನುವುದನ್ನು ಒಂದೆರಡು ಸಲ ಹೋಗಿ ನೀವೇ ಗುರುತು ಮಾಡಿಕೊಳ್ಳಬೇಕು. ಪೂರ್ತಿ ಇಳಿಯುವುದಕ್ಕೆ ಒಂದೂವರೆ ಗಂಟೆ ಮೊದಲೇ ಹೋಗಿ ಕೂತುಕೊಳ್ಳುವುದು ನನ್ನ ರೂಢಿ. ಕೆಸರು ಒಂದೊಂದೇ ಅಂಗುಲ ತೆರೆಯುವುದನ್ನು, ಹಕ್ಕಿಗಳು ಆ ನೀರಿನ ಅಂಚು ಹಿಡಿದೇ ಇಳಿದು ಬರುವುದನ್ನು ನೋಡುವ ಸುಖ ಬೇರೆಯೇ.

ಈ ಕೆಸರಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕಂದ್ರೆ ನಾವು ಇದನ್ನು ಸುಮ್ನೆ ಕೊಳಕು ಅಂದುಕೊಂಡುಬಿಟ್ಟಿದ್ದೇವೆ.

ಕೇರಳದ 44 ಹೊಳೆಗಳಲ್ಲಿ 12 ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಇವೆ. ಹೆಚ್ಚಿನವು ಗಿಡ್ಡ ಹೊಳೆಗಳು. ಕೊಡಗಿನಿಂದ ಪಯಸ್ವಿನಿಯಾಗಿ ಇಳಿದು ಬರುವ ಚಂದ್ರಗಿರಿಯೇ ದೊಡ್ಡದು, 105 ಕಿಲೋಮೀಟರ್. ಮಂಜೇಶ್ವರ ಹೊಳೆ ಬರೀ 16 ಕಿಲೋಮೀಟರ್, ಇಡೀ ಕೇರಳದಲ್ಲೇ ಚಿಕ್ಕದು. ಮಳೆಗಾಲದಲ್ಲಿ ಇವು ಪದವುಗಳ, ಅಂದರೆ ಮುರಕಲ್ಲಿನ ಬಯಲುಗಳ, ಕೆಂಪು ಮಣ್ಣನ್ನು ತೊಳೆದು ತರುತ್ತವೆ. ಸಿಹಿನೀರಿನಲ್ಲಿ ತೇಲುವ ಅತಿ ನುಣ್ಣನೆಯ ಮಣ್ಣಿನ ಕಣಗಳು ಒಂದನ್ನೊಂದು ದೂರ ತಳ್ಳುತ್ತಾ ಇರುತ್ತವೆ. ಉಪ್ಪುನೀರು ಬೆರೆತ ಕೂಡಲೇ ಆ ತಳ್ಳಾಟ ನಿಲ್ಲುತ್ತದೆ, ಕಣಗಳು ಒಂದಕ್ಕೊಂದು ಅಂಟಿ, ಭಾರವಾಗಿ ತಳಕ್ಕೆ ಕೂರುತ್ತವೆ. ಕೆಸರು ಅಳಿವೆಯಲ್ಲೇ ಯಾಕೆ ಇಷ್ಟು ಸೇರುತ್ತದೆ ಅನ್ನುವುದಕ್ಕೆ ಇದೊಂದು ದೊಡ್ಡ ಕಾರಣ. ಕಾಂಡ್ಲದ ಬೇರು ಅದನ್ನು ಹಿಡಿದಿಡುತ್ತದೆ. ಕಾಂಡ್ಲದ ಎಲೆ ಬಿದ್ದು ಕೊಳೆತು ಅದಕ್ಕೆ ಗೊಬ್ಬರ ಆಗುತ್ತದೆ.

ಬಿಸಿಲು ಬಿದ್ದಾಗ ಕೆಸರಿನ ಮೈಮೇಲೆ ಚಿನ್ನದ ಕಂದು ಬಣ್ಣದ ಒಂದು ತೆಳು ಪದರ ಕಾಣುತ್ತದೆ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ಗುಂಪು. ಅಳಿವೆಯ ಹುಲ್ಲುಗಾವಲು ಅಂದರೆ ಅದೇ. ಅದನ್ನು ತಿನ್ನಲು ಸಣ್ಣ ಬಸವನಹುಳು, ಏಡಿಮರಿ. ಕೋಲಿನಿಂದ ಮೆಲ್ಲಗೆ ಕೆದಕಿದರೆ ಕೆಲವೇ ಮಿಲಿಮೀಟರ್ ಕೆಳಗೆ ಕೆಸರು ಕಪ್ಪಾಗಿರುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅಲ್ಲಿಗೆ ಆಮ್ಲಜನಕ ಇಳಿಯುವುದಿಲ್ಲ. ಆಮ್ಲಜನಕ ಇಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಸಮುದ್ರದ ನೀರಿನಲ್ಲಿರುವ ಸಲ್ಫೇಟನ್ನು ಬಳಸಿ ಎಲೆ ಕೊಳೆಸುವಾಗ ಬಿಡುವ ಅನಿಲದ ವಾಸನೆ ಅದು. ಮೂಗು ಮುಚ್ಚಿಕೊಂಡು ಇಲ್ಲಿ ಚರಂಡಿ ಬಿಟ್ಟಿದ್ದಾರೆ ಅನ್ನುವವರಿದ್ದಾರೆ. ಅಲ್ಲ, ಆರೋಗ್ಯವಾಗಿರುವ ಕಾಂಡ್ಲದ ಕೆಸರಿಗೂ ಇದೇ ವಾಸನೆ. ಆ ಕಪ್ಪಿನ ಒಳಗೂ ಹುಳುಗಳು ಗೂಡು ಮಾಡಿಕೊಂಡು, ಮೇಲಿನ ನೀರನ್ನು ಕೊಳವೆಯಲ್ಲಿ ಎಳೆದುಕೊಂಡು ಬದುಕುತ್ತವೆ. ಒಂದೊಂದು ಜಾತಿ ಒಂದೊಂದು ಆಳದಲ್ಲಿ. ಕೆಸರು ಒದ್ದೆ ಇದ್ದಾಗ ಮೇಲಕ್ಕೆ, ಒಣಗತೊಡಗಿದರೆ ಕೆಳಕ್ಕೆ. ಹಕ್ಕಿಗಳು ನೀರಿನ ಅಂಚು ಬಿಡದೆ ನಡೆಯುವುದು ಅದಕ್ಕೇ.

ಇನ್ನು ಕೊಕ್ಕಿಗೆ ಬರೋಣ. ಹೊಸಬರಿಗೆ ಈ ಹಕ್ಕಿಗಳೆಲ್ಲ ಒಂದೇ ಥರ ಬೂದು-ಕಂದು ಕಾಣುತ್ತವೆ. ಹೆಸರಿನ ಚಿಂತೆ ಬಿಟ್ಟು, ಹೇಗೆ ತಿನ್ನುತ್ತಿದೆ ಅಂತ ನೋಡಿ. ಅರ್ಧ ಗಂಟೆಯಲ್ಲಿ ಎರಡು ಪಂಗಡ ತಾನಾಗಿ ಬೇರೆಯಾಗುತ್ತದೆ.

ಒಂದು ಪಂಗಡ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಕುಕ್ಕುತ್ತದೆ, ಮತ್ತೆ ಓಡುತ್ತದೆ. ಗುಂಡು ತಲೆ, ದೊಡ್ಡ ಕಣ್ಣು, ಗಿಡ್ಡ ಕೊಕ್ಕು. ಇವು ಪ್ಲವರ್‌ಗಳು. ಇವುಗಳದ್ದು ಕಣ್ಣಿನ ಬೇಟೆ. ನಿಂತಾಗ ಅವು ಸುಮ್ನೆ ನಿಂತದ್ದಲ್ಲ. ಕೆಸರಿನ ಮೇಲೆ ಎಲ್ಲಿ ಏನು ಅಲ್ಲಾಡಿತು ಅಂತ ನೋಡುತ್ತಿರುತ್ತವೆ. ಓಡುತ್ತಾ ಇದ್ದರೆ ಸಣ್ಣ ಚಲನೆ ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ಆ ನಿಲುಗಡೆ. ಪ್ಲವರ್‌ಗಳು ಒಂದರಿಂದ ಒಂದು ದೂರ ದೂರ ನಿಲ್ಲುವುದನ್ನೂ ಗಮನಿಸಿ. ಪಕ್ಕದಲ್ಲಿ ಇನ್ನೊಬ್ಬರು ಓಡಾಡಿದರೆ ಏಡಿ ಬಿಲಕ್ಕೆ ಇಳಿದುಬಿಡುತ್ತದೆ.

ಇನ್ನೊಂದು ಪಂಗಡ ತಲೆ ಎತ್ತುವುದೇ ಇಲ್ಲ. ಹೊಲಿಗೆ ಯಂತ್ರದ ಸೂಜಿಯ ಹಾಗೆ ಕೆಸರು ಚುಚ್ಚುತ್ತಾ ಹೋಗುತ್ತದೆ. ಇವು ಗೊರವಗಳು. ಇವುಗಳದ್ದು ಮುಟ್ಟಿ ತಿಳಿಯುವ ಬೇಟೆ. ಇವುಗಳ ಕೊಕ್ಕಿನ ತುದಿ ನಮ್ಮ ಬೆರಳ ತುದಿಯ ಹಾಗೆ ಚುರುಕು. ತುದಿಯ ಮೂಳೆಯಲ್ಲಿ ಸಣ್ಣ ಸಣ್ಣ ಕುಳಿಗಳಿದ್ದು, ಅವುಗಳ ಒಳಗೆ ಒತ್ತಡ, ಕಂಪನ ಗುರುತಿಸುವ ನರದ ತುದಿಗಳಿವೆ. ಕೆಸರಿನ ಒಳಗೆ ಹುಳು ಮಿಸುಕಿದರೆ ಗೊತ್ತಾಗುತ್ತದೆ. ಆಗ ಇನ್ನೊಂದು ಕಷ್ಟ ಬರುತ್ತದೆ. ಕೆಸರಿನ ಒಳಗೆ ಉದ್ದ ಕೊಕ್ಕನ್ನು ಬಾಯಿ ತೆರೆದ ಹಾಗೆ ತೆರೆಯಲು ಆಗುವುದಿಲ್ಲ, ಸುತ್ತಲ ಕೆಸರು ಒತ್ತುತ್ತದೆ. ಗೊರವಗಳು ಕೊಕ್ಕಿನ ಬುಡ ಮುಚ್ಚಿಯೇ ಇಟ್ಟು ಮೇಲಿನ ಕೊಕ್ಕಿನ ತುದಿಯನ್ನಷ್ಟೇ ಎತ್ತಬಲ್ಲವು. ಚಿಮ್ಮಟದ ಹಾಗೆ ಹಿಡಿದು ಹೊರಗೆ ಎಳೆಯುತ್ತವೆ.

ಒಂದೇ ಕೆಸರಿನಲ್ಲಿ ಇಷ್ಟು ಜಾತಿ ಜಗಳ ಇಲ್ಲದೆ ಹೇಗೆ ಊಟ ಮಾಡುತ್ತವೆ ಅನ್ನುವುದಕ್ಕೂ ಉತ್ತರ ಕೊಕ್ಕಿನಲ್ಲೇ ಇದೆ. ಲಿಟಲ್ ಸ್ಟಿಂಟ್ ಅನ್ನುವ ಪುಟಾಣಿಯ ಕೊಕ್ಕು ಎರಡು ಸೆಂಟಿಮೀಟರಿಗೂ ಕಡಿಮೆ. ಕೆಂಪು ಕಾಲಿನ ರೆಡ್‌ಶ್ಯಾಂಕಿನದ್ದು ಸುಮಾರು ನಾಲ್ಕು. ವಿಂಬ್ರೆಲ್‌ನದ್ದು ಎಂಟರ ಆಸುಪಾಸು, ಕೆಳಕ್ಕೆ ಬಾಗಿದ್ದು. ಕರ್ಲೂ ಸಿಕ್ಕಿದರೆ ನಿಮ್ಮ ಪುಣ್ಯ, ಅದರದ್ದು ಹತ್ತು ಹದಿನೈದು ಸೆಂಟಿಮೀಟರ್. ಮೇಲಿನ ಪದರ ಒಬ್ಬರಿಗೆ, ನಡುವಿನದ್ದು ಇನ್ನೊಬ್ಬರಿಗೆ, ಆಳದ್ದು ಮತ್ತೊಬ್ಬರಿಗೆ. ಕಾಲಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಗಿಡ್ಡ ಕಾಲಿನವು ಒದ್ದೆ ಕೆಸರಿನಲ್ಲಿ, ಗ್ರೀನ್‌ಶ್ಯಾಂಕಿನ ಥರದ ಉದ್ದ ಕಾಲಿನವು ಮೊಣಕಾಲು ನೀರಿನಲ್ಲಿ.

ಮಕ್ಕಳನ್ನು ಎರಡನೇ ಸಲ ಕರೆದುಕೊಂಡು ಹೋದಾಗ, ಈ ಸಲ ಹೊತ್ತು ನೋಡಿಕೊಂಡೇ, ಒಂದು ವಿಂಬ್ರೆಲ್ ನಮ್ಮಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ನಾವು ತೆಂಗಿನಮರದ ಬುಡದಲ್ಲಿ ಕೂತಿದ್ದೆವು. ಅದು ಒಂದು ಏಡಿಬಿಲದ ಹತ್ತಿರ ತಲೆ ಓರೆ ಮಾಡಿ ನಿಂತಿತು. ಕೊಕ್ಕನ್ನು ಒಳಗೆ ಬಿಟ್ಟಿತು, ಸ್ವಲ್ಪ ತಿರುಗಿಸಿತು, ಇನ್ನೂ ಒಳಗೆ ಬಿಟ್ಟಿತು. ಏಡಿಯ ಬಿಲ ನೇರ ಇರುವುದಿಲ್ಲ, ಬಾಗಿರುತ್ತದೆ. ಬಾಗಿದ ಬಿಲಕ್ಕೆ ಬಾಗಿದ ಕೊಕ್ಕು. ಹೊರಗೆ ಬಂದಾಗ ತುದಿಯಲ್ಲಿ ಒಂದು ಏಡಿ, ಒಂದು ಕೊಂಬು ಮಾತ್ರ ದೊಡ್ಡದಿರುವ ಗಂಡು. ಹಕ್ಕಿ ಅದನ್ನು ನೆಲಕ್ಕೆ ಬಡಿಯಿತು, ಜಾಡಿಸಿತು. ಒಂದು ಕಾಲು ಹಾರಿತು. ಮತ್ತೆ ಜಾಡಿಸಿತು, ದೊಡ್ಡ ಕೊಂಬೂ ಕಳಚಿತು. ಆಮೇಲೆ ನಾಲ್ಕು ಹೆಜ್ಜೆ ನಡೆದು ನೀರಿನಲ್ಲಿ ಅದ್ದಿ ಅದ್ದಿ ಕೆಸರು ತೊಳೆದು, ತಲೆ ಎತ್ತಿ ನುಂಗಿತು. ಮಕ್ಕಳಲ್ಲಿ ಚಿಕ್ಕವಳು ಪಿಸುಗುಟ್ಟಿದಳು, "ತೊಳ್ದು ತಿಂತು!"

ಹಾಗೆ ನೋಡುತ್ತಾ ಹೋದರೆ ಅದು ಎಷ್ಟು ತಿನ್ನುತ್ತದೆ ಅನ್ನುವುದೂ ಕಣ್ಣಿಗೆ ಬೀಳುತ್ತದೆ. ಒಂದರ ಹಿಂದೆ ಒಂದು, ಬಿಡುವೇ ಇಲ್ಲ. ಡಿಸೆಂಬರಿನಲ್ಲಿ ಇದೇ ಹಕ್ಕಿಗಳು ನಡುನಡುವೆ ನಿಂತು ಗರಿ ತಿದ್ದಿಕೊಳ್ಳುತ್ತಿದ್ದವು. ಫೆಬ್ರವರಿ ಕೊನೆಗೆ, ಮಾರ್ಚಿಗೆ ಬರುವಾಗ ಅವಸರ ಕಾಣುತ್ತದೆ. ಇವು ಪ್ರಯಾಣಕ್ಕೆ ಬುತ್ತಿ ಕಟ್ಟುತ್ತಿವೆ.

ಸ್ಯಾಂಡ್ ಪ್ಲವರ್‌ಗಳು ಹಿಮಾಲಯದಾಚೆಯ ಎತ್ತರದ ಬಯಲುಗಳಿಗೆ ಮೊಟ್ಟೆ ಇಡಲು ಹೋಗಬೇಕು. ರೆಡ್‌ಶ್ಯಾಂಕುಗಳು ಲಡಾಖಿನಂಥ ಜಾಗಗಳಿಗೆ, ಮಧ್ಯ ಏಷ್ಯಾಕ್ಕೆ. ಲಿಟಲ್ ಸ್ಟಿಂಟ್, ತೂಗಿದರೆ 25 ಗ್ರಾಂ ಆಸುಪಾಸಿನ ಜೀವ, ಉತ್ತರ ಧ್ರುವದ ಹತ್ತಿರದ ಟುಂಡ್ರಾಕ್ಕೆ. ಇದಕ್ಕೆಲ್ಲ ಇಂಧನ ಕೊಬ್ಬು. ಒಂದು ಗ್ರಾಂ ಪಿಷ್ಟದಲ್ಲಿ ಸುಮಾರು 4 ಕಿಲೋಕ್ಯಾಲೊರಿ ಇದ್ದರೆ ಒಂದು ಗ್ರಾಂ ಕೊಬ್ಬಿನಲ್ಲಿ 9. ಪಿಷ್ಟವನ್ನು ಮೈಯಲ್ಲಿ ಇಟ್ಟುಕೊಳ್ಳಬೇಕಾದರೆ ಜೊತೆಗೆ ನೀರನ್ನೂ ಹೊರಬೇಕು, ಕೊಬ್ಬಿಗೆ ಅದು ಬೇಡ. ಹಾರುವವರಿಗೆ ಭಾರವೇ ಶತ್ರು, ಅಲ್ವಾ? ತುಂಬ ದೂರ ಹೋಗುವ ಗೊರವಗಳು ಹೊರಡುವ ಹೊತ್ತಿಗೆ ತಮ್ಮ ತೂಕವನ್ನು ಹತ್ತಿರ ಹತ್ತಿರ ಎರಡರಷ್ಟು ಮಾಡಿಕೊಳ್ಳುವುದುಂಟು. ಕೆಲವು ಇನ್ನೂ ಮುಂದೆ ಹೋಗುತ್ತವೆ. ತಿಂದು ಮುಗಿಸಿದ ಮೇಲೆ ಹಾರಾಟಕ್ಕೆ ಬೇಡದ ಜಠರ, ಕರುಳನ್ನೇ ಕುಗ್ಗಿಸಿಕೊಂಡು ಆ ಭಾರವನ್ನೂ ಇಳಿಸುತ್ತವೆ. 2022ರ ಅಕ್ಟೋಬರಿನಲ್ಲಿ ಐದು ತಿಂಗಳ ಪ್ರಾಯದ ಒಂದು ಬಾರ್‌ಟೇಲ್ಡ್ ಗಾಡ್‌ವಿಟ್ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರ್ ಹಾರಿತು. ಹನ್ನೊಂದು ದಿನ, ಎಲ್ಲೂ ಇಳಿಯದೆ, ತಿನ್ನದೆ, ಕುಡಿಯದೆ. ಅದು ನಮ್ಮ ಹೊಳೆಯ ಹಕ್ಕಿ ಅಲ್ಲ, ಗೊರವಗಳ ದೊಡ್ಡ ಬಳಗದ್ದು. ಆದರೆ ಅದಕ್ಕೂ ಮೊದಲು ಬೇಕಾದದ್ದು ಒಂದು ಅಳಿವೆಯ ಕೆಸರು, ಹೊಟ್ಟೆ ತುಂಬ ಹುಳು.

ಬಟ್ಟೆ ಬದಲಾಯಿಸುವ ಕೆಲಸವೂ ಇದೇ ಹೊತ್ತಿಗೆ ನಡೆಯುತ್ತದೆ. ಕಡಲಂಚಿನ ಕಂದುತಲೆಯ ಗಲ್ ಹಕ್ಕಿ ನೋಡಿ. ಚಳಿಗಾಲ ಪೂರ್ತಿ ಅದರ ತಲೆ ಬಿಳಿ, ಕಿವಿಯ ಹತ್ತಿರ ಒಂದು ಕಪ್ಪು ಚುಕ್ಕೆ ಮಾತ್ರ. ಫೆಬ್ರವರಿ, ಮಾರ್ಚಿನಲ್ಲಿ ಆ ಚುಕ್ಕೆ ದಿನೇ ದಿನೇ ಹರಡಿ, ಮಂಗನ ಟೊಪ್ಪಿ ಹಾಕಿದ ಹಾಗೆ ಇಡೀ ಮುಖ ಕಂದಾಗುತ್ತದೆ. ಸ್ಯಾಂಡ್ ಪ್ಲವರಿನ ಎದೆಯಲ್ಲಿ ಇಟ್ಟಿಗೆ ಬಣ್ಣದ ಪಟ್ಟಿ ಮೂಡುತ್ತದೆ. ಒಂದೇ ಗುಂಪಿನಲ್ಲಿ ಪೂರ್ತಿ ಬಣ್ಣ ಬಂದದ್ದು, ಅರ್ಧ ಬಂದದ್ದು, ಏನೂ ಬಾರದ್ದು ಮೂರೂ ಇರುತ್ತವೆ. ಹೊಸಬರು ಇವನ್ನು ಮೂರು ಜಾತಿ ಅಂತ ಬರೆದುಕೊಳ್ಳುವುದುಂಟು. ಕೊಕ್ಕು ಒಂದೇ ಇದ್ದರೆ ಜಾತಿಯೂ ಒಂದೇ ಇರುವ ಸಾಧ್ಯತೆ ಜಾಸ್ತಿ ಅಂತ ನೆನಪಿಟ್ಟುಕೊಳ್ಳಿ.

ನನ್ನನ್ನು ತುಂಬ ದಿನ ಕಾಡಿದ ಪ್ರಶ್ನೆ ಒಂದಿದೆ. ಹೊರಡುವ ಹೊತ್ತಾಯಿತು ಅಂತ ಇವಕ್ಕೆ ಹೇಳುವವರು ಯಾರು? ಉತ್ತರದ ದೇಶಗಳಲ್ಲಾದರೆ ಹಗಲು ಉದ್ದವಾಗುವುದು ಎದ್ದು ಕಾಣುತ್ತದೆ. ನಮ್ಮಲ್ಲಿ ಡಿಸೆಂಬರಿನ ಗಿಡ್ಡ ಹಗಲಿಗೂ ಜೂನಿನ ಉದ್ದ ಹಗಲಿಗೂ ವ್ಯತ್ಯಾಸ ಒಂದೂವರೆ ಗಂಟೆಯ ಹತ್ತಿರ ಅಷ್ಟೇ. ಚಳಿಯೂ ಹೇಳಿಕೊಳ್ಳುವಂಥದ್ದಲ್ಲ. ಇದಕ್ಕೆ ಒಂದು ಉತ್ತರ 1960ರ ದಶಕದಲ್ಲಿ ಸಿಕ್ಕಿತು. ಜರ್ಮನಿಯ ವಿಜ್ಞಾನಿ ಎಬರ್‌ಹಾರ್ಡ್ ಗ್ವಿನರ್ ವಿಲೋ ವಾರ್ಬ್ಲರ್ ಅನ್ನುವ ವಲಸೆ ಹಕ್ಕಿಗಳನ್ನು ದಿನವೂ 12 ಗಂಟೆ ಬೆಳಕು, 12 ಗಂಟೆ ಕತ್ತಲೆ ಇರುವ ಕೋಣೆಯಲ್ಲಿ ಇಟ್ಟರು. ಹೊರಗಿನ ಋತು ಅವಕ್ಕೆ ಗೊತ್ತಾಗುವ ದಾರಿಯೇ ಇರಲಿಲ್ಲ. ಆದರೂ ಹೆಚ್ಚು ಕಡಿಮೆ ವರ್ಷದ ಲೆಕ್ಕದಲ್ಲೇ ಅವು ಗರಿ ಬದಲಾಯಿಸಿದವು, ರಾತ್ರಿ ಪಂಜರದಲ್ಲಿ ಹಾರಲು ಚಡಪಡಿಸಿದವು. ಮೈಯೊಳಗೇ ಒಂದು ವರ್ಷದ ಗಡಿಯಾರ ಇದೆ. ಹಗಲಿನ ಉದ್ದ ಆ ಗಡಿಯಾರದ ಮುಳ್ಳನ್ನು ಆಗಾಗ ಸರಿಪಡಿಸುತ್ತದೆ. ತುಳುನಾಡಿನ ಕೆಡ್ಡಸ ಹಬ್ಬದ ದಿನಗಳಲ್ಲಿ ನಾವು ಭೂಮಿಗೆ ಹಾರೆ ತಾಗಿಸದೆ ಅವಳಿಗೆ ಬಿಡುವು ಕೊಡುತ್ತೇವಲ್ಲ, ಆ ಹೊತ್ತಿಗೇ ಅಳಿವೆಯ ಹಕ್ಕಿಗಳ ಮೈಯಲ್ಲಿ ಈ ಮುಳ್ಳು ತಿರುಗುತ್ತಿರುತ್ತದೆ.

ಎಲ್ಲವೂ ಹೋಗುವುದಿಲ್ಲ. ಕಳೆದ ವರ್ಷವಷ್ಟೇ ಹುಟ್ಟಿದ ಕೆಲವು ವಿಂಬ್ರೆಲ್, ಪ್ಲವರ್‌ಗಳು ಮಳೆಗಾಲದಲ್ಲೂ ಇಲ್ಲೇ ಉಳಿಯುವುದುಂಟು.

ಭರತದ ಹೊತ್ತಿಗೆ ಹಕ್ಕಿಗಳು ಎಲ್ಲಿರುತ್ತವೆ? ಮಕ್ಕಳ ಆ ದಿನದ ಪ್ರಶ್ನೆ ಇನ್ನೂ ಬಾಕಿ ಇದೆ. ನೀರು ಮುಳುಗಿಸದ ಮರಳ ದಿಬ್ಬ, ಹೊಳೆನಡುವಿನ ಕುದ್ರಿನ ಅಂಚು, ಖಾಲಿ ಗದ್ದೆಯಲ್ಲಿ ಒತ್ತೊತ್ತಾಗಿ, ಗಾಳಿಗೆ ಮುಖ ಮಾಡಿ ನಿಂತಿರುತ್ತವೆ. ಒಂದು ಕಾಲು ಹೊಟ್ಟೆಯ ಗರಿಯೊಳಗೆ, ಕೊಕ್ಕು ಬೆನ್ನೊಳಗೆ. ಆಗ ಎಣಿಸುವುದು ಸುಲಭ. ಆದರೆ ಹತ್ತಿರ ಹೋಗಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಅದು ಅವುಗಳ ವಿಶ್ರಾಂತಿ. ಇಳಿತ ದಿನಕ್ಕೆ ಎರಡೇ ಸಲ. ರಾತ್ರಿಯ ಇಳಿತದಲ್ಲೂ ಅವು ಕತ್ತಲಲ್ಲೇ ಮುಟ್ಟಿ ಮುಟ್ಟಿ ತಿನ್ನುತ್ತವೆ. ಒಂದು ನಾಯಿ ನುಗ್ಗಿದರೆ, ಫೋಟೋಕ್ಕೆಂದು ಒಬ್ಬರು ಓಡಿದರೆ, ಇಡೀ ಗುಂಪು ಏಳುತ್ತದೆ. ನೋಡಲು ಚಂದವೇ. ಆದರೆ ಪ್ರತಿ ಸಲ ಎದ್ದಾಗಲೂ ಅವು ಖರ್ಚು ಮಾಡುವುದು ದಾರಿಗೆಂದು ಕೂಡಿಟ್ಟ ಕೊಬ್ಬನ್ನು. ಬಿಳಿ ಹೊಟ್ಟೆಯ ಕಡಲ ಹದ್ದು ಮೇಲೆ ಸುಳಿದಾಗಲೂ ಹೀಗೇ ಏಳುತ್ತವೆ. ಅದು 2023ರಲ್ಲಿ ಕಾಸರಗೋಡು ತನ್ನ ಜಿಲ್ಲೆಯ ಹಕ್ಕಿ ಅಂತ ಘೋಷಿಸಿಕೊಂಡ ಹದ್ದು. ವರ್ಷ ಪೂರ್ತಿ ಇಲ್ಲೇ ಇರುತ್ತದೆ, ಎತ್ತರದ ಮರದಲ್ಲಿ ದೊಡ್ಡ ಗೂಡು ಕಟ್ಟುತ್ತದೆ. ಅದಕ್ಕೆ ಹೆದರುವುದು ಗೊರವಗಳ ಬದುಕಿನ ಭಾಗ. ನಮಗೆ ಹೆದರುವ ಅಗತ್ಯ ಇರಬಾರದು.

ನಡೆಯುವವರಿಗೆ ಒಂದೆರಡು ಮಾತು. ದುರ್ಬೀನು ಕೊಳ್ಳುವುದಾದರೆ 8x42 ಅಂತ ಬರೆದದ್ದು ಸಾಕು. ಎಂಟು ಪಟ್ಟು ಹತ್ತಿರ ಕಾಣುತ್ತದೆ, ಎದುರಿನ ಗಾಜು 42 ಮಿಲಿಮೀಟರ್ ಅಗಲ ಅಂತ ಅರ್ಥ. ಹತ್ತು ಪಟ್ಟಿನದ್ದು ಕೈನಡುಕವನ್ನೂ ಹತ್ತು ಪಟ್ಟು ಮಾಡುತ್ತದೆ. ಸೂರ್ಯ ಬೆನ್ನ ಹಿಂದೆ ಇರುವ ದಂಡೆ ಆರಿಸಿ. ಇಲ್ಲದಿದ್ದರೆ ಹೊಳೆಯುವ ಕೆಸರಿನ ಮೇಲೆ ಎಲ್ಲ ಹಕ್ಕಿಯೂ ಕಪ್ಪು. ಕೆಸರಿಗೆ ಇಳಿಯಬೇಡಿ. ಅದು ಸೊಂಟದವರೆಗೆ ಎಳೆಯಬಹುದು. ಕಟ್ಟಪುಣಿಯ, ಅಂದರೆ ಗದ್ದೆಯ ಬದುವಿನ ಮೇಲೇ ನಡೆಯಿರಿ, ಆಗ ಮೂರನೇ ಬೆಳೆಯಾದ ಕೊಳಕೆಯ ಗದ್ದೆಯ ಸಿಪಿಲೆ, ಟಿಟ್ಟಿಭಗಳೂ ಸಿಗುತ್ತವೆ. ನೋಡಿದ್ದನ್ನು ದಿನಾಂಕ, ಗಂಟೆ, ನೀರು ಎಷ್ಟಿತ್ತು ಅನ್ನುವುದರ ಜೊತೆ ಬರೆದಿಡಿ. 2015ರಿಂದ 2020ರವರೆಗೆ ಕೇರಳದ ಹಕ್ಕಿಗಳ ಭೂಪಟ ಸಿದ್ಧವಾದದ್ದು ಹೀಗೆ ಬರೆದುಕೊಂಡ ನೂರಾರು ಜನಸಾಮಾನ್ಯರ ಪಟ್ಟಿಗಳಿಂದಲೇ.

ಹೋದ ವರ್ಷ ಏಪ್ರಿಲಿನ ಒಂದು ಸಂಜೆ ಅದೇ ದಂಡೆಯಲ್ಲಿದ್ದೆ. ಭರತ ಏರುತ್ತಿತ್ತು. ಉಳಿದಿದ್ದ ಚೂರು ಕೆಸರಿನಲ್ಲಿ ಪ್ಲವರ್‌ಗಳ ಒಂದು ಗುಂಪು ನಿಂತಿತ್ತು, ಎಲ್ಲದರ ಎದೆಯೂ ಇಟ್ಟಿಗೆ ಬಣ್ಣ. ತಿನ್ನುತ್ತಿರಲಿಲ್ಲ. ಒಂದು ಕೂಗಿತು, ಇನ್ನೊಂದು ಕೂಗಿತು, ಸ್ವಲ್ಪ ಹೊತ್ತಿಗೆ ಎಲ್ಲವೂ. ಸೂರ್ಯ ಕಡಲಿಗೆ ತಾಗುವ ಮೊದಲು ಒಟ್ಟಿಗೆ ಎದ್ದವು. ನಾನು ಹದಿನೇಳರವರೆಗೆ ಎಣಿಸಿದೆ. ಯಾವಾಗಿನ ಹಾಗೆ ಮರಳ ದಿಬ್ಬಕ್ಕೆ ಇಳಿಯುತ್ತವೆ ಅಂದುಕೊಂಡೆ. ಇಳಿಯಲಿಲ್ಲ. ಹೊಳೆಯ ಮೇಲೆ ಒಂದು ಸುತ್ತು ಹಾಕಿ ಮೇಲಕ್ಕೆ, ಇನ್ನೂ ಮೇಲಕ್ಕೆ ಹೋದವು. ತೆಂಗಿನ ತಲೆಗಳ ಮೇಲೆ ಒಂದು ಓರೆ ಗೆರೆ ಆಯಿತು. ಗೆರೆ ಉತ್ತರಕ್ಕೆ ತಿರುಗಿತು. ದುರ್ಬೀನಿನಲ್ಲಿ ಕಾಣುವಷ್ಟು ಹೊತ್ತು ನೋಡಿದೆ, ಆಮೇಲೆ ಕೂಗು ಮಾತ್ರ ಕೇಳುತ್ತಿತ್ತು.